ದೀಮದ ಹಕ್ಕಿ

ಥರ್ಕೆಟಲ್ ಮುದುಕಿ ಫೋನು ಮಾಡಿದ್ದು ಮಂಗಳವಾರ.
“ಬಟಾಣಿ ಕೊಯ್ದಾಯಿತು. ಉದುರಿದ್ದು ಮುಗಿದರೆ
ಪಕ್ಕದ ಎಳೆ ಕೋಸಿಗೆ ಬೀಳುತ್ತವೆ ದರಿದ್ರದವು.
ಇಬ್ಬರೂ ಬನ್ನಿ.”
ಇಬ್ಬರೂ ಎಂದರೆ ಮೆರ್ವಿನ್, ನಾನು.
ಯಾವ ಇಬ್ಬರು ಎಂದು ನಾರ್ಫಕ್ಕಿನ ಈ ಮೂಲೆಯಲ್ಲಿ
ಯಾರೂ ಕೇಳುವುದಿಲ್ಲ.

ಮೊದಲ ಒಂದು ಗಂಟೆ ಸುಮ್ಮನೆ ನೋಡುವುದು,
ವ್ಯಾನಿಗೆ ಒರಗಿ, ಫ್ಲಾಸ್ಕಿನ ಚಹಾ ಕುಡಿಯುತ್ತ,
ಕಾಡುಪಾರಿವಾಳ ಯಾವ ದಾರಿ ಹಿಡಿದು ಬರುತ್ತದೆಂದು.
ಆಕಾಶದಲ್ಲೂ ಸವೆದ ಕಾಲುದಾರಿ ಇರುತ್ತದೆ:
ಓಕ್ ಮರದಿಂದ ಇಗರ್ಜಿ ಗೋಪುರದ ಎಡಕ್ಕೆ,
ಅಲ್ಲಿಂದ ಹಳ್ಳದ ಗುಂಟ.
ಮೆರ್ವಿನ್ ಗಾಳಿಯಲ್ಲಿ ಬೆರಳಾಡಿಸಿ ಬರೆದು ತೋರಿಸಿದ.
ಗೆರೆ ಸರಿಯಾಗಿತ್ತು. ಹಕ್ಕಿ ಅವನಿಗೆ ಕಂಡಿರಲಿಲ್ಲ,
ಬರೆದದ್ದು ನೆನಪಿನಿಂದ.
ನನಗದು ಗೊತ್ತಾಗಿದ್ದು ಆಮೇಲೆ.

ಹಳ್ಳದ ದಡದಲ್ಲಿ ನಾಲ್ಕು ಗಳು, ಒಂದು ಬಲೆ,
ಬಲೆಗೆ ಸಿಕ್ಕಿಸಿದ ತುರಿಕೆಸೊಪ್ಪು.
ಕೂರಲು ಬೋರಲು ಹಾಕಿದ ಎರಡು ಬಕೆಟ್ಟು.
ಮುಂದೆ ಕೂಳೆಯಲ್ಲಿ ದೀಮದ ಹಕ್ಕಿಗಳು, ಹದಿಮೂರು,
ಬೂದು ಪ್ಲಾಸ್ಟಿಕ್ಕು, ಕತ್ತಿನಲ್ಲಿ ಸುಣ್ಣದ ಗೀರು,
ಗಾಳಿ ಬರುವ ಕಡೆಗೆ ಮುಖ, ಕುದುರೆಲಾಳದ ಸಾಲು,
ನಡುವೆ ಬಯಲು.
ಬರುವ ನೆಂಟರಿಗೆ ಪಂಕ್ತಿಯಲ್ಲಿ ಜಾಗ ಬಿಡಬೇಕಲ್ಲ.
“ಒತ್ತೊತ್ತಾಗಿ ಇಡಬೇಡವೋ,” ಮೆರ್ವಿನ್ ಗದರಿದ,
“ಉಣ್ಣುವಾಗ ದೂರ ದೂರ ಇರುತ್ತವೆ.
ಒತ್ತಿಕೊಳ್ಳುವುದು ಹೆದರಿದಾಗ.”

ಮೊದಲನೆಯದು ಬಂತು ಹತ್ತೂಕಾಲಿಗೆ,
ರೆಕ್ಕೆ ಬಿಗಿಹಿಡಿದು, ಜಾರುತ್ತ, ನಂಬಿಕೊಂಡು.
ನನ್ನ ಈಡಿಗೆ ಸಿಕ್ಕಿತು.
ಪುಕ್ಕಗಳು ಎಷ್ಟೋ ಹೊತ್ತಿನ ಮೇಲೆ ನೆಲ ಮುಟ್ಟಿದವು.
ಟ್ಯಾನ್ಸಿ ಓಡಿ ಕಚ್ಚಿ ತಂದು ಬೂಟಿನ ಮೇಲಿಟ್ಟಳು. ಬಿಸಿ ಇನ್ನೂ.
ಗಂಟಲಚೀಲ ಒತ್ತಿದರೆ ಬಟಾಣಿ,
ಯಾರೋ ಗಂಟು ಕಟ್ಟಿಟ್ಟ ಚಿಲ್ಲರೆ.

ಆಮೇಲೆ ಮೆರ್ವಿನ್. ಒಂದು. ಎರಡು.
ಏನೂ ಬೀಳಲಿಲ್ಲ.
“ಗಾಳಿ,” ಅಂದ. ಎಲೆಯೂ ಅಲ್ಲಾಡುತ್ತಿರಲಿಲ್ಲ.
ಮಧ್ಯಾಹ್ನಕ್ಕೆ ಅವನ ಕಾಲ ಬಳಿ ಖಾಲಿ ತೋಟಾ ಇಪ್ಪತ್ತೆಂಟು,
ಅವನ ಲೆಕ್ಕಕ್ಕೆ ಹಕ್ಕಿ ಮೂರು.
ಮೂರರಲ್ಲಿ ಎರಡು ನಾನು, ಅವನ ಸದ್ದಿನೊಳಗೇ
ನನ್ನ ಸದ್ದು ಬಚ್ಚಿಟ್ಟು ಹೊಡೆದದ್ದು.

ಚೀಸ್ ಬ್ರೆಡ್ಡು ತಿನ್ನುವಾಗ ದಡಕ್ಕನೆ ಎದ್ದ.
“ಇಳಿಯಿತು ನೋಡು!” ಢಂ ಎನಿಸಿದ.
ಪ್ಲಾಸ್ಟಿಕ್ ಹಕ್ಕಿಯೊಂದು ಕುಪ್ಪಳಿಸಿ ಅಂಗಾತ ಬಿತ್ತು.
ನಾನು ನಕ್ಕೆ.
ಅವನು ನಗಲಿಲ್ಲ. ನನ್ನ ನಗು ಬಾಯಲ್ಲೇ
ಅರ್ಧ ಅಗಿದ ತುತ್ತಿನ ಜೊತೆ ನಿಂತಿತು.

“ಎಡಗಣ್ಣು ಈಸ್ಟರಿಗೇ ಹೋಯಿತು.
ಬಲಗಣ್ಣಿನ ನಡುವೆ ಒಂದು ಮಚ್ಚೆ.
ಯಾವುದನ್ನು ನೋಡಬೇಕೋ ಸರಿಯಾಗಿ ಅದರ ಮೇಲೇ ಕೂರುತ್ತದೆ.”
ಕೋವಿ ಮಡಿಸಿ ಎರಡು ತೋಟಾ ಹೊರತೆಗೆದ,
ನನ್ನ ಅಂಗೈಗೆ ಹಾಕಿದ. ಹಲ್ಲುಸೆಟ್ಟು ಬಿಚ್ಚಿ ಕೊಟ್ಟಂತಿತ್ತು.
ಏನು ಹೇಳಬೇಕೆಂದು ಹೊಳೆಯದೆ
ಉಪ್ಪಿನಕಾಯಿ ಬೇಕಾ ಎಂದು ಕೇಳಿದೆ.
ಬೇಕು ಎಂದ.

ಆಮೇಲಿನದೆಲ್ಲ ಅವನ ಕಿವಿ, ನನ್ನ ಕಣ್ಣು.
“ಬಲಕ್ಕೆ, ಎರಡು, ತಗ್ಗಿನಲ್ಲಿ.” ಇರುತ್ತಿದ್ದವು.
“ಹಿಂದೆ, ಒಂದೇ.” ಇರುತ್ತಿತ್ತು.
ಕೆಲವನ್ನು ನಾನು ಬೇಕೆಂದೇ ಬಿಟ್ಟೆ.
ಯಾವುದನ್ನು ಬಿಟ್ಟೆನೆಂದು ಅವನಿಗೆ ಗೊತ್ತಾಗುತ್ತಿತ್ತು,
ಒಂದಕ್ಕೂ ಯಾಕೆ ಅನ್ನಲಿಲ್ಲ.

ಸಂಜೆ ಆರಕ್ಕೆ ಹಕ್ಕಿ ನಲವತ್ತೊಂದು.
ಮುದುಕಿಗೆ ನಾಲ್ಕು, ಮಿಕ್ಕಿದ್ದು ಮಾಂಸದಂಗಡಿಗೆ.
ನಾನು ಬಲೆ ಬಿಚ್ಚುವಾಗ ಮೆರ್ವಿನ್ ಮಂಡಿಯೂರಿ
ದೀಮದ ಹಕ್ಕಿ ತಡವಿ ತಡವಿ ಗೋಣಿಗೆ ತುಂಬುತ್ತಿದ್ದ,
ಎಣಿಸುತ್ತ: ಹನ್ನೊಂದು, ಹನ್ನೆರಡು, ತೂತು ಬಿದ್ದದ್ದು ಹದಿಮೂರು.
ಸಾಲಿನ ಆಚೆ ಕೊನೆಯಲ್ಲಿ ಇನ್ನೂ ಒಂದು ಕೂತಿತ್ತು,
ಕತ್ತಿನಲ್ಲಿ ಸುಣ್ಣದ ಗೀರಿಲ್ಲದ್ದು, ಈ ಬೇಸಿಗೆಯ ಮರಿ.
ಯಾವಾಗ ಇಳಿದಿತ್ತೋ. ನನ್ನ ಕೋವಿ ಚೀಲ ಸೇರಿತ್ತು.
ನಾನು ಉಸಿರೆತ್ತಲಿಲ್ಲ.
ಅವನ ಕೈ ಕೂಳೆಯ ಮೇಲೆ ಹರಿದು ಹೋಯಿತು,
ಮುಟ್ಟಿತು,

ಬಟ್ಟೆ ಕೊಡವಿದಂತೆ ಎದ್ದು ಹೋಯಿತು ಹಕ್ಕಿ,
ಗೋಪುರದ ಎಡಕ್ಕೆ, ಹಳೆಯ ದಾರಿ ಹಿಡಿದು.
ಮೆರ್ವಿನ್ ಕೈ ಚಾಚಿದಂತೆಯೇ ಇದ್ದ.
“ಎಷ್ಟಿದ್ದವು ನಾವು ಇಟ್ಟದ್ದು?”
“ಹದಿಮೂರು.”
“ಹಾಗಾದರೆ ಸರಿಯಾಯಿತು,” ಅಂದು
ಗೋಣಿಯ ಬಾಯಿ ಕಟ್ಟಲು
ದಾರ ಹುಡುಕತೊಡಗಿದ.